ಮರದ ಮನೆಗೆ ಮಳೆಯೇ ಪರೀಕ್ಷಕ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದರು ಹಿರಿಯರು. ಬೇರೆಯವರು ಕಟ್ಟಿದ ಮನೆಯನ್ನು, ಅದೂ ಪರದೇಶದಲ್ಲಿ, ಕೊಂಡು ನೋಡು ಎಂದು ಯಾರೂ ಹೇಳಲಿಲ್ಲ. ಆ ಕಷ್ಟ ಅವರ ಕಾಲಕ್ಕೆ ಬಂದಿರಲಿಲ್ಲ.

ಕಳೆದ ವಾರ ನಿವೃತ್ತ ಮೇಷ್ಟ್ರೊಬ್ಬರ ಪತ್ರ ಬಂತು. ಅವರ ಮಗಳು ಓದಲೆಂದು ನ್ಯೂಜಿಲೆಂಡಿಗೆ ಹೋದವಳು ಅಲ್ಲೇ ಕೆಲಸ ಹಿಡಿದು, ನೆಲೆಸುವ ಅನುಮತಿಯನ್ನೂ ಪಡೆದಿದ್ದಾಳೆ. ಈಗ ಆಕ್ಲೆಂಡಿನಲ್ಲಿ ಒಂದು ಮನೆ ನೋಡಿದ್ದಾಳಂತೆ. ಬ್ಯಾಂಕಿನ ಸಾಲದ ಜೊತೆಗೆ ಅಪ್ಪನ ಭವಿಷ್ಯನಿಧಿಯ ಹಣವೂ ಸ್ವಲ್ಪ ಬೇಕು. ಮೇಷ್ಟ್ರು ಬರೆಯುತ್ತಾರೆ: ‘ಮನೆಯ ಫೋಟೋ ಕಳಿಸಿದ್ದಾಳೆ. ಬಿಳಿಯ ಗಾರೆ ಗೋಡೆ, ತಟ್ಟೆಯಂಥ ಚಾವಣಿ, ನೋಡಲು ಅಚ್ಚುಕಟ್ಟು. 1999ರಲ್ಲಿ ಕಟ್ಟಿದ್ದಂತೆ. ಆದರೆ ಗಾರೆಯ ಒಳಗೆಲ್ಲ ಬರೀ ಮರದ ಪಟ್ಟಿಗಳಂತೆ! ಕಡ್ಡಿಪೆಟ್ಟಿಗೆಗೆ ಇಷ್ಟೊಂದು ದುಡ್ಡೇ? ಬೆಂಕಿ ಬಿದ್ದರೆ? ಗೆದ್ದಲು ಹಿಡಿದರೆ? ಹಣ ಕಳಿಸಲೇ, ಬೇಡವೇ?’

ಇಂಥ ಪ್ರಶ್ನೆ ಇವರೊಬ್ಬರದೇ ಅಲ್ಲ. ಮಕ್ಕಳನ್ನು ಹೊರದೇಶಕ್ಕೆ ಕಳಿಸಿದ ಅನೇಕ ತಂದೆತಾಯಿಗಳು ಒಂದಲ್ಲ ಒಂದು ದಿನ ಇದನ್ನು ಎದುರಿಸುತ್ತಾರೆ. ಓದಲು ಹೊರಡುವ ವಿದ್ಯಾರ್ಥಿಗಳಿಗೂ ಇದು ಬೇಕಾದ ಸಂಗತಿ. ಹಾಗಾಗಿ ಮೇಷ್ಟ್ರಿಗೆ ಬರೆಯಬೇಕಾದ ಉತ್ತರವನ್ನು ಎಲ್ಲರಿಗೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮರವೇ ಏಕೆ?

ನ್ಯೂಜಿಲೆಂಡಿನವರಿಗೆ ಇಟ್ಟಿಗೆ, ಕಲ್ಲು ಗೊತ್ತಿಲ್ಲವೆಂದಲ್ಲ. ಇಂಗ್ಲೆಂಡಿನಿಂದ ಬಂದು ನೆಲೆಸಿದವರು ಮೊದಲು ಇಟ್ಟಿಗೆಯಲ್ಲೂ ಮಣ್ಣಿನಲ್ಲೂ ಕಟ್ಟಿದರು. 1848ರಲ್ಲಿ ವೆಲಿಂಗ್‌ಟನ್ ಸುತ್ತ ಭೂಕಂಪವಾಯಿತು. ಇಟ್ಟಿಗೆಯ, ಮಣ್ಣಿನ ಗೋಡೆಗಳು ಬಿರುಕುಬಿಟ್ಟು ಉರುಳಿದವು, ಮರದ ಮನೆಗಳು ನಿಂತವು. ಜನ ಪಾಠ ಕಲಿತು ಬಹುಪಾಲು ಮರದಲ್ಲೇ ಮತ್ತೆ ಕಟ್ಟಿದರು. 1855ರಲ್ಲಿ ಅದಕ್ಕಿಂತ ದೊಡ್ಡ ಕಂಪನವಾದಾಗ ಆ ಪಾಠ ಜೀವ ಉಳಿಸಿತು. 1876ರಲ್ಲಿ ವೆಲಿಂಗ್‌ಟನ್ನಿನಲ್ಲಿ ಸರ್ಕಾರಿ ಕಚೇರಿಗಾಗಿ ಕಟ್ಟಿದ ಭವ್ಯ ಕಟ್ಟಡವನ್ನು ದೂರದಿಂದ ನೋಡಿದರೆ ಕಲ್ಲಿನದೆಂದೇ ತೋರುತ್ತದೆ. ಹತ್ತಿರ ಹೋಗಿ ಬೆರಳಿನಿಂದ ತಟ್ಟಿದರೆ ಮರ! ಪ್ರಪಂಚದ ಅತಿ ದೊಡ್ಡ ಮರದ ಕಟ್ಟಡಗಳಲ್ಲಿ ಅದೂ ಒಂದು. ಈಗ ಅದರಲ್ಲಿ ವಿಶ್ವವಿದ್ಯಾಲಯದ ಕಾನೂನು ವಿಭಾಗವಿದೆ.

1931ರ ಫೆಬ್ರವರಿ 3ರಂದು ನೇಪಿಯರ್, ಹೇಸ್ಟಿಂಗ್ಸ್ ಊರುಗಳನ್ನು ಅಲುಗಾಡಿಸಿದ ಭೂಕಂಪದಲ್ಲಿ 256 ಮಂದಿ ಸತ್ತರು. ಪೇಟೆಯ ಇಟ್ಟಿಗೆ ಕಟ್ಟಡಗಳು ಕುಸಿದವು. ಮರದ ಮನೆಗಳಲ್ಲಿ ಹೆಚ್ಚಾಗಿ ಬಿದ್ದದ್ದು ಇಟ್ಟಿಗೆಯ ಹೊಗೆಗೂಡು ಮಾತ್ರ. 2011ರ ಫೆಬ್ರವರಿ 22ರಂದು ಕ್ರೈಸ್ಟ್‌ಚರ್ಚ್‌ನಲ್ಲಿ ಸತ್ತವರು 185 ಮಂದಿ. ಅವರಲ್ಲಿ 115 ಜನ ಒಂದೇ ಒಂದು ಕಾಂಕ್ರೀಟ್ ಕಟ್ಟಡದಲ್ಲಿದ್ದರು. ಅಲ್ಲಿದ್ದ ಇಂಗ್ಲಿಷ್ ಶಾಲೆಯಲ್ಲಿ ಕಲಿಯಲು ಹೊರದೇಶಗಳಿಂದ ಬಂದಿದ್ದ ಅನೇಕ ವಿದ್ಯಾರ್ಥಿಗಳೂ ಅದರಲ್ಲಿ ಸೇರಿದ್ದರು. ಊರಿನ ಸಾವಿರಾರು ಮರದ ಮನೆಗಳು ವಾಲಿದವು, ಬಿರುಕುಬಿಟ್ಟವು, ಕೆಲವೆಡೆ ಕೆಳಗಿನ ನೆಲವೇ ಕೆಸರಾಗಿ ಕುಸಿಯಿತು. ಆದರೂ ಆ ಮನೆಗಳು ಒಳಗಿದ್ದವರ ತಲೆಯ ಮೇಲೆ ಬೀಳಲಿಲ್ಲ.

ಕಾರಣ ಹೈಸ್ಕೂಲಿನ ಭೌತಶಾಸ್ತ್ರದಲ್ಲೇ ಇದೆ. ಬಲವೆಂದರೆ ದ್ರವ್ಯರಾಶಿ ಗುಣಿಸು ವೇಗೋತ್ಕರ್ಷ. ನೆಲ ಒಂದೇ ವೇಗೋತ್ಕರ್ಷದಲ್ಲಿ ಅಲುಗಿದರೂ ಹಗುರವಾದ ಮನೆಯ ಮೇಲೆ ಬೀಳುವ ಬಲ ಕಡಿಮೆ. ಅಲ್ಲದೆ ಮರದ ಪಟ್ಟಿಗಳೂ ಅವುಗಳನ್ನು ಹಿಡಿದ ಮೊಳೆಗಳೂ ಸ್ವಲ್ಪ ಬಾಗಿ, ಜಗ್ಗಿ, ಶಕ್ತಿಯನ್ನು ಹೀರಿಕೊಳ್ಳುತ್ತವೆ. ಇಟ್ಟಿಗೆ ಗೋಡೆಗೆ ಬಾಗುವ ಅಭ್ಯಾಸವಿಲ್ಲ, ಅದು ಒಡೆಯುತ್ತದೆ.

ಇವತ್ತಿನ ಮನೆಯಲ್ಲಿ ನಮ್ಮ ತೊಟ್ಟಿಮನೆಯ ಹಾಗೆ ತೋಳಗಲದ ಕಂಬಗಳಿರುವುದಿಲ್ಲ. ಸಾಮಾನ್ಯವಾಗಿ ಮೂರೂವರೆ ಅಂಗುಲ ಅಗಲ, ಒಂದೂಮುಕ್ಕಾಲು ಅಂಗುಲ ದಪ್ಪದ ಪೈನ್ ಪಟ್ಟಿಗಳನ್ನು ಒಂದೂಕಾಲು ಅಡಿಯಿಂದ ಎರಡು ಅಡಿ ಅಂತರದಲ್ಲಿ ನಿಲ್ಲಿಸಿ ಚೌಕಟ್ಟು ಮಾಡುತ್ತಾರೆ. ಒಳಮೈಗೆ ಜಿಪ್ಸಮ್ ಹಲಗೆ, ಹೊರಮೈಗೆ ಮರದ ಹಲಗೆಯೋ, ಇಟ್ಟಿಗೆಯ ಒಂದು ತೆಳುಪದರವೋ, ಗಾರೆಯೋ ಹೊದಿಕೆಯಾಗುತ್ತದೆ. ಇಟ್ಟಿಗೆ ಕಂಡರೂ ಗಾರೆ ಕಂಡರೂ ಭಾರ ಹೊರುವುದು ಒಳಗಿನ ಮರವೇ. ಹೀಗೆ ಕಟ್ಟುವುದಕ್ಕೆ 1978ರಿಂದ ಅಲ್ಲಿ ಲಿಖಿತ ಮಾನಕವೊಂದಿದೆ.

ಬೆಂಕಿ ಮತ್ತು ಹುಳು

ಮೇಷ್ಟ್ರ ಮೊದಲ ಭಯ ಬೆಂಕಿಯದು. ಭಯ ಸುಳ್ಳಲ್ಲ. ದಪ್ಪ ತೊಲೆಯಾದರೆ ಹೊರಮೈ ಇದ್ದಿಲಾಗಿ ಒಳಗಿನ ಮರವನ್ನು ಕಾಯುತ್ತದೆ. ಪೈನ್‌ನಂಥ ಮರ ನಿಮಿಷಕ್ಕೆ ಹೆಚ್ಚುಕಡಿಮೆ ಅರ್ಧದಿಂದ ಮುಕ್ಕಾಲು ಮಿಲಿಮೀಟರ್‌ನಷ್ಟು ಇದ್ದಿಲಾಗುತ್ತ ಹೋಗುತ್ತದೆ. ತೆಳು ಪಟ್ಟಿಗೆ ಆ ಸೌಭಾಗ್ಯವಿಲ್ಲ. ಅದಕ್ಕೇ ಜಿಪ್ಸಮ್ ಹಲಗೆ. ಜಿಪ್ಸಮ್ಮಿನ ತೂಕದಲ್ಲಿ ಐದರಲ್ಲೊಂದು ಪಾಲು ಹರಳಿನೊಳಗೆ ಬಂಧಿಯಾದ ನೀರು. ಬೆಂಕಿ ಆ ನೀರನ್ನು ಆವಿ ಮಾಡಿ ಮುಗಿಸುವ ತನಕ ಹಿಂದಿನ ಮರ ಅಷ್ಟಾಗಿ ಕಾಯುವುದಿಲ್ಲ. ಜನ ಎದ್ದು ಹೊರಗೆ ಬರಲು ಅಷ್ಟು ಹೊತ್ತು ಸಿಗಬೇಕು, ಜೊತೆಗೆ ಹೊಗೆ ಕಂಡೊಡನೆ ಕೂಗುವ ಅಲಾರಂ ಇರಬೇಕು. ಮನೆ ನೋಡಲು ಹೋದಾಗ ಹಲಗೆ ಕಿತ್ತ ಜಾಗಗಳಿವೆಯೇ, ಅಲಾರಂ ಇದೆಯೇ ಎಂದು ನೋಡಿದರೆ ಆ ಮಟ್ಟಿಗೆ ಸಾಕು.

ಎರಡನೆಯದು ಗೆದ್ದಲು. ನಮ್ಮಲ್ಲಿರುವಂಥ ಗೆದ್ದಲಿನ ಕಾಟ ಆ ದೇಶದಲ್ಲಿಲ್ಲ. ಮರ ಕೊರೆಯುವ ಬೋರರ್ ಎಂಬ ಹುಳುವಿದೆ. ಹಳೆಯ ಮನೆಯ ನೆಲಹಾಸಿನಲ್ಲಿ ಗುಂಡುಸೂಜಿ ತಲೆಯಷ್ಟು ತೂತುಗಳೂ ನಯವಾದ ಹಿಟ್ಟೂ ಕಂಡರೆ ಅದರ ಕೆಲಸ. ಅದಕ್ಕೆ ಬೋರಾನ್ ಲವಣ ಕುಡಿಸಿದ ಮರವೆಂಬ ಮದ್ದೂ ಇದೆ.

ಹಾಗಾದರೆ ಭಯವೇ ಬೇಡವೇ? ಬೇಕು. ಆದರೆ ಮೇಷ್ಟ್ರು ಹೆಸರಿಸದೇ ಬಿಟ್ಟ ಮೂರನೆಯ ಶತ್ರುವಿನ ಬಗ್ಗೆ. ಅದರ ಹೆಸರು ನೀರು.

ಸೋರುವ ಮನೆಗಳ ಕಥೆ

ಮರವನ್ನು ಲಡ್ಡು ಮಾಡುವುದು ವಯಸ್ಸಲ್ಲ, ಶಿಲೀಂಧ್ರ. ಅದರ ಬೀಜಕಣಗಳು ಗಾಳಿಯಲ್ಲಿ ಎಲ್ಲೆಲ್ಲೂ ಇವೆ. ಮರದ ತೇವಾಂಶ ಶೇಕಡ 20ರ ಒಳಗಿದ್ದರೆ ಅವು ಬೆಳೆಯಲಾರವು. ಶೇಕಡ 30ರ ಹತ್ತಿರ ಹೋಗಿ ಅಲ್ಲೇ ನಿಂತರೆ ಅವಕ್ಕೆ ಹಬ್ಬ. ಆದ್ದರಿಂದ ಮರ ಒದ್ದೆಯಾಗುವುದು ದೊಡ್ಡ ಅಪರಾಧವಲ್ಲ. ಒದ್ದೆಯಾದದ್ದು ಒಣಗದೆ ಉಳಿಯುವುದೇ ಅಪಾಯ.

1991ರಲ್ಲಿ ನ್ಯೂಜಿಲೆಂಡಿನ ಕಟ್ಟಡ ಕಾನೂನು ಬದಲಾಯಿತು. ಹೀಗೇ ಕಟ್ಟಬೇಕೆಂಬ ಕಟ್ಟುಪಾಡು ಸಡಿಲವಾಗಿ, ಇಂತಿಷ್ಟು ಗುಣ ಬರುವಂತೆ ಹೇಗಾದರೂ ಕಟ್ಟಿ ಎಂದಾಯಿತು. ಅದೇ ಹೊತ್ತಿಗೆ ಮೆಡಿಟರೇನಿಯನ್ ಶೈಲಿಯ ಮನೆಗಳ ಹುಚ್ಚು ಹತ್ತಿತು. ನುಣ್ಣನೆಯ ಗಾರೆ ಗೋಡೆ, ಸೂರಿಲ್ಲದ ತಟ್ಟೆ ಚಾವಣಿ, ಗೋಡೆಯಿಂದ ಹೊರಚಾಚಿದ ಬಾಲ್ಕನಿ. ಮಳೆಯಿಲ್ಲದ ಬೇಸಿಗೆಯ ಕರಾವಳಿಗೆ ಒಪ್ಪುವ ರೂಪವನ್ನು ವರ್ಷವಿಡೀ ಗಾಳಿಮಳೆ ಬಡಿಯುವ ನಾಡಿಗೆ ತಂದರು. ಗಾರೆಯನ್ನು ಚೌಕಟ್ಟಿಗೆ ನೇರವಾಗಿ ಅಂಟಿಸಿದ್ದರಿಂದ, ಒಂದು ಬಿರುಕಿನಿಂದ ಒಳಹೋದ ನೀರಿಗೆ ಹೊರಬರುವ ದಾರಿ ಇರಲಿಲ್ಲ.

ಇದರ ಮೇಲೆ ಇನ್ನೊಂದು. 1998ರಲ್ಲಿ, ಗೂಡಿನಲ್ಲಿ ಒಣಗಿಸಿದ ಪೈನ್ ಆದರೆ ಗೋಡೆಯ ಚೌಕಟ್ಟಿಗೆ ಮದ್ದು ಕುಡಿಸದೆಯೂ ಬಳಸಬಹುದು ಎಂಬುದಕ್ಕೆ ನಿಯಮದ ಒಪ್ಪಿಗೆ ಸಿಕ್ಕಿತು. ತರ್ಕ ಸರಿಯೇ: ಒಣಗಿದ ಮರಕ್ಕೆ ಶಿಲೀಂಧ್ರ ಬರುವುದಿಲ್ಲ. ಆದರೆ ಗೋಡೆಯೊಳಗೆ ಹೋದ ಮೇಲೂ ಅದು ಒಣಗಿಯೇ ಇರುತ್ತದೆ ಎಂದು ಮಳೆಯ ಹತ್ತಿರ ಬರೆಸಿಕೊಂಡವರು ಯಾರು? ವಿಜ್ಞಾನ ಓದುವ ಮಕ್ಕಳು ಇದನ್ನು ಗಮನಿಸಬೇಕು. ಒಂದೊಂದು ನಿರ್ಧಾರವೂ ಬಿಡಿಬಿಡಿಯಾಗಿ ನೋಡಿದರೆ ಒಪ್ಪುವಂತಿತ್ತು. ಎಲ್ಲ ಸೇರಿದಾಗ ಗೋಡೆ ಕೊಳೆಯಿತು.

ಕೆಲವೇ ವರ್ಷಗಳಲ್ಲಿ ಹೊಸ ಮನೆಗಳ ಗೋಡೆ ಬಿಚ್ಚಿದರೆ ಒಳಗೆ ಕೈಯಲ್ಲಿ ಹಿಸುಕಬಹುದಾದ ಮರ. 2002ರಲ್ಲಿ ಡಾನ್ ಹನ್ ನೇತೃತ್ವದ ತಂಡ ಇದರ ಬಗ್ಗೆ ವರದಿ ಕೊಟ್ಟಿತು. 2009ರಲ್ಲಿ ಸರ್ಕಾರಕ್ಕಾಗಿ ಮಾಡಿದ ಒಂದು ಅಂದಾಜಿನಂತೆ ಇಂಥ ಮನೆಗಳು ಸುಮಾರು 42,000. ನಷ್ಟ ಸುಮಾರು 1,130 ಕೋಟಿ ನ್ಯೂಜಿಲೆಂಡ್ ಡಾಲರ್. ಕಟ್ಟಿದ ಅನೇಕ ಕಂಪನಿಗಳು ಅಷ್ಟರಲ್ಲಿ ಬಾಗಿಲು ಹಾಕಿದ್ದವು. ಅನುಮತಿ ಕೊಟ್ಟ ನಗರಸಭೆಗಳು ಕೋರ್ಟಿನಲ್ಲಿ ಕೊನೆಗೆ ಉಳಿದ ಪ್ರತಿವಾದಿಗಳಾದವು. 2011ರಲ್ಲಿ ಬಂದ ಪರಿಹಾರ ಯೋಜನೆಯಲ್ಲಿ ದುರಸ್ತಿ ಖರ್ಚಿನ ಕಾಲುಭಾಗ ಸರ್ಕಾರದ್ದು, ಕಾಲುಭಾಗ ನಗರಸಭೆಯದ್ದು. ಉಳಿದರ್ಧ ಯಾರದ್ದು? ಮನೆಯವರದ್ದು. ಸಾಲ ಮಾಡಿ ಕೊಂಡವರು ಸಾಲದ ಮೇಲೆ ಸಾಲ ಮಾಡಿದರು. ಆ ಯೋಜನೆಯೂ ಹೊಸ ಅರ್ಜಿಗಳಿಗೆ 2016ರಲ್ಲಿ ಮುಗಿದುಹೋಯಿತು.

2004ರಿಂದ ಚೌಕಟ್ಟಿನ ಮರಕ್ಕೆ ಮದ್ದು ಕುಡಿಸುವ ನಿಯಮ ಮರಳಿತು. ನೀರು ನುಗ್ಗುವ ಅಪಾಯ ಹೆಚ್ಚಿರುವ ಗೋಡೆಗಳಲ್ಲಿ ಹೊದಿಕೆಗೂ ಚೌಕಟ್ಟಿಗೂ ನಡುವೆ ಮುಕ್ಕಾಲು ಅಂಗುಲದಷ್ಟು ಟೊಳ್ಳು ಬಿಡುವ ಪದ್ಧತಿಯೂ ಬಂತು. ಒಳಬಂದ ನೀರು ಆ ಟೊಳ್ಳಿನಲ್ಲಿ ಇಳಿದು ಕೆಳಗೆ ಹೊರಹೋಗುತ್ತದೆ, ಗಾಳಿಯಾಡಿ ಒಣಗುತ್ತದೆ.

ನಾಲ್ಕು ಪ್ರಶ್ನೆ

ಅಲ್ಲಿನ ತಜ್ಞರು ಈ ಪಾಠವನ್ನು ನಾಲ್ಕು ಮಾತಿನಲ್ಲಿ ಹಿಡಿದಿಟ್ಟಿದ್ದಾರೆ. ನೀರನ್ನು ಗೋಡೆಯಿಂದ ಆಚೆಗೆ ತಳ್ಳುವುದು, ಒಳಬಂದದ್ದನ್ನು ಹರಿಯಬಿಡುವುದು, ಉಳಿದದ್ದನ್ನು ಒಣಗಿಸುವುದು, ಅಷ್ಟಾದರೂ ಒದ್ದೆಯಾದರೆ ತಾಳಿಕೊಳ್ಳುವ ಮರ ಬಳಸುವುದು. ನಮ್ಮ ಮಲೆನಾಡಿನ ಬಡಗಿಗೆ ಇದನ್ನು ಹೇಳಿಕೊಡಬೇಕಾಗಿರಲಿಲ್ಲ. ಸೂರನ್ನು ಮಾರುದ್ದ ಮುಂದಕ್ಕೆ ಚಾಚಿದ. ಕಂಬವನ್ನು ನೆಲಕ್ಕೆ ತಾಗಿಸದೆ ಕಲ್ಲಿನ ಮೇಲೆ ನಿಲ್ಲಿಸಿದ. ಗಾಳಿಯಾಡಲು ಜಗುಲಿ ಬಿಟ್ಟ. ಕೊಳೆಯದ ಜಾತಿಯ ಮರ ಆರಿಸಿದ. ಮೇಷ್ಟ್ರೇ, ನಿಮ್ಮ ಅಜ್ಜನ ಮನೆ ಮರದ್ದಾಗಿದ್ದರೆ ಅದು ಏಕೆ ಉಳಿಯಿತೆಂದು ನೆನೆಸಿಕೊಳ್ಳಿ. ಅದೇ ಕಣ್ಣಿನಿಂದ ಮಗಳು ಕಳಿಸಿದ ಫೋಟೋ ಇನ್ನೊಮ್ಮೆ ನೋಡಿ.

ಮನೆ ನೋಡಲು ಹೋಗುವವರು ಮೊದಲು ಕೇಳಬೇಕಾದದ್ದು ಕಟ್ಟಿದ ವರ್ಷ. ತೊಂಬತ್ತರ ದಶಕದ ಆರಂಭದಿಂದ 2004ರವರೆಗಿನ ಗಾರೆಮೈಯ ಮನೆಯಾದರೆ ಎರಡು ಪಟ್ಟು ಎಚ್ಚರ ಬೇಕು. ಅದಕ್ಕಿಂತ ಹಳೆಯ ಮನೆಗಳಿಗೆ ಸಾಮಾನ್ಯವಾಗಿ ಸೂರಿದೆ, ಗಟ್ಟಿ ಮರವಿದೆ. ಆದರೆ ಹಳೆಯ ವೈರಿಂಗ್, ಕಲ್ನಾರು ಹಲಗೆ, ಚಳಿ ತಡೆಯದ ಗೋಡೆಗಳ ಬಗ್ಗೆ ವಿಚಾರಿಸಬೇಕು. 2004ರ ಈಚಿನದಾದರೂ ನೋಡದೆ ಕೊಳ್ಳಬಾರದು.

ಆಮೇಲೆ ಮನೆಯ ಸುತ್ತ ಒಂದು ಪ್ರದಕ್ಷಿಣೆ. ಸಾಧ್ಯವಾದರೆ ಮಳೆ ಬಂದ ಮಾರನೆಯ ದಿನವೇ ಹೋಗಬೇಕು. ಸೂರು ಎಷ್ಟು ಚಾಚಿದೆ? ಗಾರೆ ನೆಲದ ಮಣ್ಣಿನವರೆಗೂ ಇಳಿದಿದೆಯೇ, ನಡುವೆ ಅಂತರವಿದೆಯೇ? ಕಿಟಕಿಯ ನೆತ್ತಿಯಲ್ಲಿ ನೀರನ್ನು ಹೊರಕ್ಕೆ ಜಾರಿಸುವ ತಗಡಿನ ಪಟ್ಟಿಯಿದೆಯೇ? ಬಾಲ್ಕನಿಯ ಗಿಡ್ಡ ಗೋಡೆಯ ನೆತ್ತಿ ಚಪ್ಪಟೆಯಾಗಿದೆಯೇ, ಅದಕ್ಕೆ ಕೊರೆದು ಕಂಬಿ ಕೂರಿಸಿದ್ದಾರೆಯೇ? ಒಳಗೆ ಹೋದರೆ ಕಿಟಕಿ ಮೂಲೆಯ ಕಲೆ, ಗೋಡೆಯ ಬುಡದಲ್ಲಿ ಉಬ್ಬಿದ ಪಟ್ಟಿ, ಜಮಖಾನೆಯ ಅಂಚಿನಲ್ಲಿ ತುಕ್ಕು, ಮುಗ್ಗಲು ವಾಸನೆ. ಒಂದೇ ಒಂದು ಗೋಡೆಗೆ ಮಾತ್ರ ಹೊಸ ಬಣ್ಣವಿದ್ದರೆ ಏಕೆಂದು ಕೇಳಲು ಸಂಕೋಚ ಬೇಡ.

ಕಣ್ಣಿಗೆ ಕಾಣುವುದು ಇಷ್ಟೇ. ಕಾಣದ್ದನ್ನು ತಿಳಿಯಲು ಮನೆ ಪರೀಕ್ಷಿಸುವ ತಜ್ಞರಿದ್ದಾರೆ. ಅವರನ್ನು ಕೊಳ್ಳುವವರೇ ಗೊತ್ತುಮಾಡಬೇಕು. ಮಾರುವವರು ಕೈಗಿಟ್ಟ ವರದಿಯನ್ನೇ ನಂಬಿ ಕೂರಬಾರದು. ತೇವಮಾಪಕವನ್ನು ಗೋಡೆಯ ಮೇಲೆ ಆಡಿಸಿದರೆ ಒಂದು ಅಂದಾಜು ಸಿಗುತ್ತದೆ. ಖಚಿತವಾಗಬೇಕಾದರೆ ಸಣ್ಣ ತೂತು ಕೊರೆದು ಮರವನ್ನೇ ಮುಟ್ಟಿ ಅಳೆಯಬೇಕು. ಅದಕ್ಕೆ ಮಾಲೀಕರ ಒಪ್ಪಿಗೆ ಬೇಕು. ಒಪ್ಪದಿದ್ದರೆ ಅದೂ ಒಂದು ಉತ್ತರವೇ.

ಕಾಗದಪತ್ರ

ನಗರಸಭೆಯಿಂದ ‘ಲಿಮ್’ ಎಂದು ಕರೆಯುವ ವರದಿ ಸಿಗುತ್ತದೆ. ಆ ಜಾಗದ ಬಗ್ಗೆ ನಗರಸಭೆಗೆ ಗೊತ್ತಿರುವ ನೆರೆ, ಭೂಕುಸಿತದ ವಿಚಾರ, ಕಟ್ಟಡದ ಅನುಮತಿಗಳು ಅದರಲ್ಲಿರುತ್ತವೆ. ಕಟ್ಟಿದ ಮೇಲೆ ನಿಯಮಕ್ಕೆ ಸರಿಯಾಗಿದೆ ಎಂದು ಕೊಡುವ ಕೋಡ್ ಕಂಪ್ಲಯನ್ಸ್ ಸರ್ಟಿಫಿಕೇಟ್ ಇದೆಯೇ ಎಂದು ನೋಡಬೇಕು. ಮುಂದೆ ಸೇರಿಸಿದ ಕೋಣೆಗೆ, ಬಾಲ್ಕನಿಗೆ ಅನುಮತಿಯಿಲ್ಲದಿದ್ದರೆ ಆ ತಲೆನೋವು ಕೊಂಡವರದಾಗುತ್ತದೆ. ಸರ್ಟಿಫಿಕೇಟ್ ಇದ್ದ ಮಾತ್ರಕ್ಕೆ ನಿಶ್ಚಿಂತೆ ಎಂದೂ ಅಲ್ಲ. ಸೋರಿದ ಎಷ್ಟೋ ಮನೆಗಳಿಗೂ ಅದು ಇತ್ತು.

ಕಟ್ಟಿದವರ ಮೇಲೆ ದಾವೆ ಹೂಡಲು ಕಾನೂನು ಕೊಡುವ ಗರಿಷ್ಠ ಅವಧಿ 10 ವರ್ಷ. 1999ರ ಮನೆಗೆ ಆ ಬಾಗಿಲು ಎಂದೋ ಮುಚ್ಚಿದೆ. ವಿಮೆ ಇದೆಯಲ್ಲ ಎನ್ನಬಹುದು. ನಿಧಾನವಾಗಿ ಸೋರಿ ಕೊಳೆತದ್ದನ್ನು ಮನೆವಿಮೆಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ.

ಒಪ್ಪಂದಕ್ಕೆ ಸಹಿ ಹಾಕುವ ಮೊದಲು ವಕೀಲರಿಗೆ ತೋರಿಸಿ, ಸಾಲ ಮಂಜೂರಾದರೆ, ಪರೀಕ್ಷಾ ವರದಿ ತೃಪ್ತಿಯಾದರೆ, ಲಿಮ್ ಸರಿಯಿದ್ದರೆ ಮಾತ್ರ ಎಂಬ ಷರತ್ತುಗಳನ್ನು ಸೇರಿಸಬಹುದು. ಹರಾಜಿನಲ್ಲಿ ಈ ಸೌಲಭ್ಯವಿಲ್ಲ. ಸುತ್ತಿಗೆ ಬಿದ್ದರೆ ಮನೆ ನಿಮ್ಮದು, ಕೊಳೆತ ಮರವೂ ನಿಮ್ಮದು. ಹರಾಜಿಗೆ ಹೋಗುವುದಾದರೆ ಎಲ್ಲ ಪರೀಕ್ಷೆಯೂ ಮೊದಲೇ ಮುಗಿದಿರಬೇಕು. ಫ್ಲ್ಯಾಟ್ ಆದರೆ ನಿವಾಸಿಗಳ ಸಂಘದ ಸಭೆಯ ನಡಾವಳಿ ಓದಬೇಕು. ಇಡೀ ಕಟ್ಟಡದ ದುರಸ್ತಿಗೆ ಪ್ರತಿಯೊಬ್ಬರೂ ಪಾಲು ಕೊಡಬೇಕಾಗುತ್ತದೆ.

ವಿದ್ಯಾರ್ಥಿಗಳಿಗೆ ಒಂದು ಮಾತು. ವಿದ್ಯಾರ್ಥಿ ವೀಸಾದ ಮೇಲೆ ಅಲ್ಲಿರುವವರು ಮನೆ ಕೊಳ್ಳುವಂತಿಲ್ಲ ಎಂದು 2018ರ ಕಾನೂನು ಹೇಳುತ್ತದೆ. ಓದಲು ಹೋದ ಮಗನ ಹೆಸರಿಗೆ ಮನೆ ಮಾಡಿಸುತ್ತೇವೆ ಎನ್ನುವ ದಲ್ಲಾಳಿ ಸಿಕ್ಕರೆ ದೂರವಿಡಿ. ಬಾಡಿಗೆಗೆ ಇರುವವರಿಗೂ ಮರದ ಮನೆಯ ತೇವ ತಪ್ಪಿದ್ದಲ್ಲ. ಬಾಡಿಗೆ ಮನೆಗಳಲ್ಲಿ ನಡುಮನೆಗೆ ಹೀಟರ್, ಚಾವಣಿಗೂ ನೆಲಕ್ಕೂ ಚಳಿ ತಡೆಯುವ ಹೊದಿಕೆ, ಅಡುಗೆಮನೆಗೂ ಬಚ್ಚಲಿಗೂ ಗಾಳಿ ಹೊರಹಾಕುವ ಫ್ಯಾನ್ ಇರಬೇಕೆಂಬ ನಿಯಮ 2019ರಲ್ಲಿ ಬಂದು, 2025ರ ಜುಲೈ 1ರ ಹೊತ್ತಿಗೆ ಎಲ್ಲ ಖಾಸಗಿ ಬಾಡಿಗೆ ಮನೆಗಳಿಗೂ ಅನ್ವಯಿಸಿದೆ. ಕೇಳಿ ಪಡೆಯಿರಿ. ಸಾರು ಕುದಿಸುವಾಗ ಆ ಫ್ಯಾನ್ ಹಾಕಿ, ಬಟ್ಟೆಯನ್ನು ಮಲಗುವ ಕೋಣೆಯಲ್ಲಿ ಒಣಗಿಸಬೇಡಿ.

ಇನ್ನು ಮೇಷ್ಟ್ರ ಪ್ರಶ್ನೆ. ಹಣ ಕಳಿಸಲೇ, ಬೇಡವೇ?

ಮರದ್ದು ಎಂಬ ಒಂದೇ ಕಾರಣಕ್ಕೆ ಬೇಡವೆನ್ನಬೇಡಿ. ಭೂಕಂಪದ ನಾಡಿನಲ್ಲಿ ನಿಮ್ಮ ಮಗಳು ಮರದ ಚೌಕಟ್ಟಿನ ಕೆಳಗೆ ಮಲಗುವುದೇ ಕ್ಷೇಮ. ಆದರೆ ಈ ಮನೆಗೆ ಸದ್ಯಕ್ಕೆ ಹಣ ಕಳಿಸಬೇಡಿ. 1999ರ ಇಸವಿ, ಗಾರೆ ಗೋಡೆ, ತಟ್ಟೆ ಚಾವಣಿ, ಮೂರೂ ಒಟ್ಟಿಗೆ ಕೂತಿವೆ. ಆ ಮನೆ ಕೊಳೆತಿದೆ ಎಂದು ಇಲ್ಲಿ ಕೂತು ನಾನು ಹೇಳಲಾರೆ, ಚೆನ್ನಾಗಿದೆ ಎಂದೂ ಹೇಳಲಾರೆ. ಲಿಮ್ ವರದಿ, ಸರ್ಟಿಫಿಕೇಟ್, ಮರಕ್ಕೇ ಕೊರೆದು ಅಳೆದ ತೇವಾಂಶದ ವರದಿ, ಈ ಮೂರು ಕಾಗದ ತರಿಸಲು ಮಗಳಿಗೆ ಹೇಳಿ. ಹಿಂದೆಯೇ ಯಾರಾದರೂ ಗೋಡೆಯ ಹೊದಿಕೆಯನ್ನೆಲ್ಲ ಬಿಚ್ಚಿ, ಅನುಮತಿ ಪಡೆದು, ಚೌಕಟ್ಟು ಬದಲಿಸಿ ಹೊಸದಾಗಿ ಹೊದಿಸಿದ್ದರೆ ಅದು ಒಳ್ಳೆಯ ಮನೆಯೇ ಆಗಿರಬಹುದು. ಅದಕ್ಕೂ ಕಾಗದ ಇರಲೇಬೇಕು.

ಪರೀಕ್ಷೆಗೆ ಕೊಟ್ಟ ಹಣ ದಂಡವಾಯಿತೆಂದು ಮಗಳು ಬೇಸರ ಮಾಡಿಕೊಂಡರೆ, ಮೂವತ್ತು ವರ್ಷದ ಸಾಲದ ಮುಂದೆ ಅದು ಎಷ್ಟು ಎಂದು ನೀವೇ ಲೆಕ್ಕ ಹಾಕಿ ತೋರಿಸಿ. ಲೆಕ್ಕದ ಮೇಷ್ಟ್ರ ಮಗಳಿಗೆ ಅದು ಅರ್ಥವಾಗದೆ ಇರದು.